ಮನೆಯಲ್ಲೊಂದು ಫೈಲು ಕಣಜ: ಸಾಂಬಾ ಸಾಕೇ, ಎನ್‌ಎಫ್‌ಎಸ್ ಬೇಕೇ?

ಅಪ್ಪನ ಡೆಸ್ಕ್‌ಟಾಪಿನಲ್ಲಿ ಪಹಣಿ, ಕಂದಾಯ ರಸೀದಿಗಳ ಸ್ಕ್ಯಾನು; ಮಗಳ ಲ್ಯಾಪ್‌ಟಾಪಿನಲ್ಲಿ ಮದುವೆಯ ವಿಡಿಯೊ; ಎಲ್ಲೋ ಒಂದು ಪೆನ್‌ಡ್ರೈವಿನಲ್ಲಿ ಹತ್ತು ವರ್ಷದ ಫೋಟೊಗಳು. ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ, ಸಿಕ್ಕರೂ ಅದು ಹೊಸ ಪ್ರತಿಯೋ ಹಳೆಯದೋ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು, ಎಲ್ಲವನ್ನೂ ಒಂದು ಕಂಪ್ಯೂಟರಿನಲ್ಲಿಟ್ಟು ಉಳಿದವು ಅದನ್ನು ತಮ್ಮದೇ ಡ್ರೈವ್ ಎಂಬಂತೆ ತೆರೆಯುವ ಹಾಗೆ ಮಾಡುವುದು. ಆ ಕೆಲಸದ್ದೇ ನೆಟ್‌ವರ್ಕ್ ಫೈಲ್‌ಸಿಸ್ಟಮ್. ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಇನ್ನೊಂದು ಪ್ರತಿ ಹುಟ್ಟುತ್ತದೆ. ಇಲ್ಲಿ ಇರುವ ಒಂದೇ ಫೈಲನ್ನು ಎಲ್ಲರೂ ತೆರೆಯುತ್ತಾರೆ, ತಿದ್ದುತ್ತಾರೆ.

ಮನೆಯ ಮಟ್ಟಿಗೆ ಆಯ್ಕೆ ಮೂರು. ವಿಂಡೋಸ್ ಮಾತಾಡುವ ಎಸ್‌ಎಂಬಿ, ಅದನ್ನೇ ಲಿನಕ್ಸಿನಲ್ಲಿ ಕೊಡುವ ತಂತ್ರಾಂಶ ಸಾಂಬಾ. ಯುನಿಕ್ಸ್ ಲೋಕದ ಎನ್‌ಎಫ್‌ಎಸ್. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಒಳಹೋಗುವ ದಾರಿಯಾದ ಎಸ್‌ಎಸ್‌ಎಚ್ ಮೇಲೆ ಓಡುವ ಎಸ್‌ಎಸ್‌ಎಚ್‌ಎಫ್‌ಎಸ್. ಇವುಗಳಲ್ಲಿ ಯಾವುದು ವೇಗ ಎಂದು ಕೇಳುವವರೇ ಹೆಚ್ಚು. ದೊಡ್ಡ ಫೈಲಿನ ವಿಷಯದಲ್ಲಿ ಮೊದಲ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸರ್ವರು, ಅಂದರೆ ಫೈಲುಗಳನ್ನಿಟ್ಟುಕೊಂಡ ಆ ಕಂಪ್ಯೂಟರು, ಯಾರನ್ನು ನಂಬುತ್ತದೆ? ಎಸ್‌ಎಂಬಿ ನಂಬುವುದು ಮನುಷ್ಯನನ್ನು. ಹೆಸರು, ಪಾಸ್‌ವರ್ಡು ಕೊಟ್ಟವರು ಯಾವ ಕಂಪ್ಯೂಟರಿನಲ್ಲಿ ಕೂತಿದ್ದರೂ ಸರಿ. ಎನ್‌ಎಫ್‌ಎಸ್ ತನ್ನ ಸಾಮಾನ್ಯ ರೂಪದಲ್ಲಿ ನಂಬುವುದು ಯಂತ್ರವನ್ನು. ಈ ಐಪಿ ವಿಳಾಸದ ಕಂಪ್ಯೂಟರು ‘ನಾನು 1000ನೇ ನಂಬರಿನ ಬಳಕೆದಾರ’ ಎಂದರೆ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ. ಮುಂದೆ ಬರುವ ಹೆಚ್ಚಿನ ತೊಂದರೆ, ಅನುಕೂಲಗಳ ಬೇರು ಈ ಒಂದು ವ್ಯತ್ಯಾಸದಲ್ಲಿದೆ.

ಹಾಗಾಗಿ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ಒಂದೇ ಒಂದು ವಿಂಡೋಸ್, ಮ್ಯಾಕ್ ಅಥವಾ ಐಫೋನ್ ಇದ್ದರೂ ಸಾಂಬಾ ಹಾಕಿ. ಎಲ್ಲವೂ ಲಿನಕ್ಸೇ ಆಗಿದ್ದು, ಪ್ರತಿ ಯಂತ್ರದ ಮೇಲೂ ನಿಮ್ಮ ಹಿಡಿತವಿದ್ದರೆ ಎನ್‌ಎಫ್‌ಎಸ್ ಹಾಕಿ. ಅಪರೂಪಕ್ಕೆ, ಒಬ್ಬರೇ ಬಳಸುವುದಾದರೆ ಎಸ್‌ಎಸ್‌ಎಚ್‌ಎಫ್‌ಎಸ್ ಸಾಕು.

ಒಂದು ಸೂಚನೆ: ಆದೇಶಗಳನ್ನೂ ಸೆಟ್ಟಿಂಗುಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಉದಾಹರಣೆಗಳೆಲ್ಲ ಉಬುಂಟು, ಡೆಬಿಯನ್‌ಗೆ ಸೇರಿದವು.

ಮೊದಲು ತಂತಿ ನೋಡಿ

ಯಾವ ಫೈಲ್‌ಸಿಸ್ಟಮ್ ಹಾಕಿದರೂ ದಾರಿ ಕಿರಿದಾಗಿದ್ದರೆ ಗಾಡಿ ಓಡುವುದಿಲ್ಲ. ಗಿಗಾಬಿಟ್ ಈಥರ್‌ನೆಟ್ಟಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, 100 ಮೆಗಾಬಿಟ್ಟಿನ ಹಳೆಯ ಪೋರ್ಟಿನಲ್ಲಿ ಹನ್ನೊಂದು ಹನ್ನೆರಡು ಎಂಬಿ ಮಾತ್ರ. 4 ಜಿಬಿಯ ವಿಡಿಯೊ ಮೊದಲನೆಯದರಲ್ಲಿ 40 ಸೆಕೆಂಡಿನೊಳಗೆ, ಎರಡನೆಯದರಲ್ಲಿ ಐದೂವರೆ ನಿಮಿಷಕ್ಕೆ ಮುಗಿಯುತ್ತದೆ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ಹಳೆಯ ರೌಟರುಗಳಲ್ಲಿ ಲ್ಯಾನ್ ಪೋರ್ಟು 100 ಮೆಗಾಬಿಟ್ಟಿನದೇ ಆಗಿರುವುದುಂಟು. ಸರ್ವರಿನಲ್ಲಿ ‘ಸುಡೊ ಈಥ್‌ಟೂಲ್’ ಆದೇಶಕ್ಕೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟರೆ ಸ್ಪೀಡ್ ಎಂಬ ಸಾಲಿನಲ್ಲಿ 1000 ಎಂದು ಕಾಣಬೇಕು. ರೌಟರು, ಕಂಪ್ಯೂಟರು ಎರಡೂ ಗಿಗಾಬಿಟ್ಟಿನವಾಗಿದ್ದೂ 100 ಎಂದು ತೋರಿಸಿದರೆ ಕೇಬಲ್ಲನ್ನೇ ಅನುಮಾನಿಸಿ. ಗಿಗಾಬಿಟ್ಟಿಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100 ಮೆಗಾಬಿಟ್ಟಿಗೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಸರಿಯಾಗಿ ಕ್ರಿಂಪ್ ಆಗದಿದ್ದರೂ ಕೇಬಲ್ಲು ಸತ್ತಂತೆ ಕಾಣುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮಾಡುತ್ತಿರುತ್ತದೆ.

ಸರ್ವರನ್ನು ವೈಫೈನಲ್ಲಿ ಇಡಬೇಡಿ. ಸರ್ವರು ಕೂಡ ವೈಫೈ, ಲ್ಯಾಪ್‌ಟಾಪೂ ಅದೇ ವೈಫೈ ಆದರೆ ಪ್ರತಿ ತುಣುಕು ಒಮ್ಮೆ ಸರ್ವರಿನಿಂದ ರೌಟರಿಗೆ, ಮತ್ತೊಮ್ಮೆ ರೌಟರಿನಿಂದ ಲ್ಯಾಪ್‌ಟಾಪಿಗೆ ಅದೇ ಗಾಳಿಯಲ್ಲಿ ಹೋಗಬೇಕು. ವೇಗ ಅರ್ಧಕ್ಕೆ ಬೀಳುತ್ತದೆ. ಸರ್ವರನ್ನು ಕೇಬಲ್ಲಿನಲ್ಲಿ ರೌಟರಿಗೆ ಕಟ್ಟಿ, ಉಳಿದವನ್ನು 5 ಗಿಗಾಹರ್ಟ್ಸ್ ವೈಫೈನಲ್ಲಿ ಬಿಡಿ.

ವೈಫೈ ನಿಜವಾಗಿ ನೋಯಿಸುವುದು ಸಣ್ಣ ಫೈಲುಗಳಲ್ಲಿ. ಒಂದು ಫೈಲು ಬರೆಯಬೇಕಾದರೆ ತೆರೆ, ಬರೆ, ಗುಣಲಕ್ಷಣ ಹೊಂದಿಸು, ಮುಚ್ಚು ಎಂದು ಹಲವು ಬಾರಿ ಹೋಗಿ ಬರಬೇಕು. ಐದು ಸುತ್ತು, ಸುತ್ತಿಗೆ 2 ಮಿಲಿಸೆಕೆಂಡು ಎಂದುಕೊಂಡರೂ ಫೈಲೊಂದಕ್ಕೆ 10 ಮಿಲಿಸೆಕೆಂಡು. 10,000 ಸಣ್ಣ ಫೈಲುಗಳಿಗೆ ಬರೀ ಓಡಾಟದಲ್ಲೇ 100 ಸೆಕೆಂಡು ಕಳೆಯಿತು, ಅವುಗಳ ಗಾತ್ರ ಎಷ್ಟೇ ಇರಲಿ. ಪ್ರೋಗ್ರಾಮಿಂಗ್ ಪ್ರಾಜೆಕ್ಟಿನ ಫೋಲ್ಡರು, ಹಳೆಯ ವೆಬ್‌ಸೈಟಿನ ಪ್ರತಿ ಇಂಥವನ್ನು ಜಿಪ್ ಮಾಡಿ ಒಂದೇ ಗಂಟಾಗಿ ಸಾಗಿಸುವುದು ಇದೇ ಕಾರಣಕ್ಕೆ.

ಸರ್ವರಿನ ವಿಳಾಸ ಬದಲಾಗುತ್ತಿದ್ದರೆ ಎಲ್ಲ ಕೆಡುತ್ತದೆ. ಸಾಧನಗಳಿಗೆ ಐಪಿ ವಿಳಾಸ ಹಂಚುವ ರೌಟರಿನ ಡಿಎಚ್‌ಸಿಪಿ ಪುಟದಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಆಪಲ್ಲಿನ ಮ್ಯಾಕ್ ಅಲ್ಲ) ಒಂದು ಐಪಿ ಕಾದಿರಿಸಿ. ಮುಂದಿನ ಉದಾಹರಣೆಗಳಲ್ಲಿ ಅದು 192.168.1.10.

ಡಿಸ್ಕು ಎಲ್ಲಿ, ಹೇಗೆ

ಸರ್ವರಿಗೆ ಹೊಸ ಯಂತ್ರ ಬೇಕಿಲ್ಲ. ಗಿಗಾಬಿಟ್ ಪೋರ್ಟು ಇರುವ ಹಳೆಯ ಡೆಸ್ಕ್‌ಟಾಪು ಚೆನ್ನಾಗಿ ನಡೆಯುತ್ತದೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಕೂಡ ಸಾಕು, ಅದರಲ್ಲಿ ಪೂರ್ಣ ಗಿಗಾಬಿಟ್ಟೂ ಯುಎಸ್‌ಬಿ 3ನೂ ಇವೆ. ಪೈ 3ಬಿಯಲ್ಲಿ ಪೋರ್ಟು 100 ಮೆಗಾಬಿಟ್ಟಿನದು, ಈ ಕೆಲಸಕ್ಕೆ ಬೇಡ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟು ಸೇರಿ ಕೊಡಬಲ್ಲ ವಿದ್ಯುತ್ತು 1.2 ಆಂಪಿಯರ್. ಎರಡು ಹಾರ್ಡ್‌ಡಿಸ್ಕು ತಗುಲಿಸಿದರೆ ನಕಲು ಮಾಡುವ ನಡುವೆಯೇ ಒಂದು ಕಳಚಿಕೊಳ್ಳುತ್ತದೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬು ಬಳಸಿ.

ಡಿಸ್ಕನ್ನು ಲಿನಕ್ಸಿನ ಸ್ವಂತ ಫಾರ್ಮ್ಯಾಟಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟಿನಲ್ಲಿ ಯಾರ ಫೈಲು, ಯಾರು ಓದಬಹುದು ಎಂಬ ಲೆಕ್ಕವೇ ಇಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ಸಿನಲ್ಲಿ ಇದೆ, ಆದರೆ ಲಿನಕ್ಸಿನ ಲೆಕ್ಕದೊಂದಿಗೆ ಸಲೀಸಾಗಿ ಕೂಡುವುದಿಲ್ಲ. ‘ಡಿಸ್ಕು ಬಿಚ್ಚಿ ವಿಂಡೋಸಿಗೆ ಹಾಕಬೇಕಾದರೆ?’ ಎಂದು ಎನ್‌ಟಿಎಫ್‌ಎಸ್ಸಿನಲ್ಲೇ ಉಳಿಸಿಕೊಂಡವರು ಆ ಒಂದು ದಿನಕ್ಕಾಗಿ ದಿನವೂ ಅನುಮತಿಯ ತಕರಾರು ಅನುಭವಿಸುತ್ತಾರೆ.

ಇಲ್ಲೊಂದು ಅಪಾಯವಿದೆ. ಡಿಸ್ಕನ್ನು /ಎಸ್‌ಆರ್‌ವಿ/ಡಿಸ್ಕ್ ಎಂಬಲ್ಲಿ ಮೌಂಟ್ ಮಾಡಿ (ಆ ಫೋಲ್ಡರಿಗೆ ಜೋಡಿಸಿ) ಅದನ್ನೇ ನೇರವಾಗಿ ಹಂಚಿದಿರಿ ಎನ್ನಿ. ಒಂದು ದಿನ ಕರೆಂಟು ಹೋಗಿ ಬಂದಾಗ ಡಿಸ್ಕು ತಡವಾಗಿ ಎದ್ದಿತು, ಮೌಂಟ್ ಆಗಲಿಲ್ಲ. ಆದರೆ /ಎಸ್‌ಆರ್‌ವಿ/ಡಿಸ್ಕ್ ಎಂಬ ಖಾಲಿ ಫೋಲ್ಡರು ಎಸ್‌ಡಿ ಕಾರ್ಡಿನ ಮೇಲೆ ಇದ್ದೇ ಇದೆ. ಸರ್ವರು ಅದನ್ನೇ ಹಂಚುತ್ತದೆ. ಫೋಟೊಗಳೆಲ್ಲ ಮಾಯವಾದಂತೆ ಕಂಡು ಮನೆಯವರು ಗಾಬರಿಯಾಗುತ್ತಾರೆ, ಮೇಲಾಗಿ ಹೊಸ ಫೈಲುಗಳು ಎಸ್‌ಡಿ ಕಾರ್ಡನ್ನು ತುಂಬುತ್ತವೆ. ಪರಿಹಾರ ಸುಲಭ: ಡಿಸ್ಕಿನ ಒಳಗೆ ‘ಮನೆ’ ಎಂಬ ಫೋಲ್ಡರು ಮಾಡಿ /ಎಸ್‌ಆರ್‌ವಿ/ಡಿಸ್ಕ್/ಮನೆ ಎಂಬುದನ್ನು ಮಾತ್ರ ಹಂಚಿ. ಡಿಸ್ಕು ಇಲ್ಲದಿದ್ದರೆ ಆ ದಾರಿಯೇ ಇರುವುದಿಲ್ಲ, ಹಂಚಿಕೆ ತೆರೆಯುವುದೇ ಇಲ್ಲ, ತಪ್ಪು ಎಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ. ಹಂಚಿಕೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇಡಿ. ಟಿವಿಯ ರಿಮೋಟಿನಲ್ಲಿ ಅದನ್ನು ಒತ್ತಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಸಾಂಬಾ: ಹತ್ತರಲ್ಲಿ ಒಂಬತ್ತು ಮನೆಗೆ

ಎಸ್‌ಎಂಬಿ 1983ರಲ್ಲಿ ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟಿನ ಕೈಯಲ್ಲಿ ಬೆಳೆಯಿತು. ಅದನ್ನು ಯುನಿಕ್ಸಿಗೆ ತಂದವರು ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್. 2013ರ ಮ್ಯಾಕ್ ಆವೃತ್ತಿ ಮ್ಯಾವರಿಕ್ಸ್‌ನಿಂದ ಆಪಲ್ ಕೂಡ ತನ್ನದೇ ಹಂಚಿಕೆ ಭಾಷೆ ಎಎಫ್‌ಪಿಯನ್ನು ಹಿಂದಕ್ಕೆ ಸರಿಸಿ ಎಸ್‌ಎಂಬಿಯನ್ನೇ ಮುಂದೆ ತಂದಿತು. ಐಒಎಸ್ 13ರಿಂದ ಐಫೋನಿನ ಫೈಲ್ಸ್ ಆ್ಯಪ್ ನೇರವಾಗಿ ಎಸ್‌ಎಂಬಿ ಸರ್ವರಿಗೆ ಹೋಗುತ್ತದೆ. ಆಂಡ್ರಾಯ್ಡಿನಲ್ಲಿ ವಿಎಲ್‌ಸಿ, ಟಿವಿಯಲ್ಲಿ ಕೋಡಿ ಇವಕ್ಕೂ ಈ ಭಾಷೆ ಗೊತ್ತು. ಮನೆಯ ಎಲ್ಲ ಸಾಧನಗಳಿಗೂ ತಿಳಿದಿರುವ ಭಾಷೆ ಇದೊಂದೇ.

ಹಾಕುವ ಕ್ರಮ ಹೀಗೆ. ‘ಸುಡೊ ಎಪಿಟಿ ಇನ್‌ಸ್ಟಾಲ್ ಸಾಂಬಾ’ ಕೊಡಿ. ‘ಗ್ರೂಪ್‌ಆ್ಯಡ್’ನಿಂದ ಮನೆ ಎಂಬ ಗುಂಪು ಮಾಡಿ. ಅಮ್ಮ, ಅಪ್ಪ, ಮಗಳು ಎಂದು ಒಬ್ಬೊಬ್ಬರಿಗೂ ‘ಯೂಸರ್‌ಆ್ಯಡ್’ನಿಂದ ಖಾತೆ ತೆರೆದು ಆ ಗುಂಪಿಗೆ ಸೇರಿಸಿ. ಆಮೇಲೆ ‘ಸುಡೊ ಎಸ್‌ಎಂಬಿಪಾಸ್‌ವರ್ಡ್’ ಎಂಬ ಆದೇಶವನ್ನು (ಅದರ ಕೊನೆಯ ಭಾಗ ಬರೀ ಪಿ-ಎ-ಎಸ್-ಎಸ್-ಡಬ್ಲ್ಯೂ-ಡಿ) ಹೈಫನ್ ಎ ಮತ್ತು ಖಾತೆಯ ಹೆಸರಿನೊಂದಿಗೆ ಕೊಟ್ಟು ಪಾಸ್‌ವರ್ಡು ಹಾಕಿ. ಹೊಸಬರು ಎಡವುವುದು ಈ ಕೊನೆಯ ಹೆಜ್ಜೆಯಲ್ಲಿ: ಲಿನಕ್ಸ್ ಖಾತೆಯ ಪಾಸ್‌ವರ್ಡು ಬೇರೆ, ಸಾಂಬಾದ ಪಾಸ್‌ವರ್ಡು ಬೇರೆ. ಎರಡನೆಯದನ್ನು ಹಾಕದಿದ್ದರೆ ಸರಿಯಾದ ಪಾಸ್‌ವರ್ಡು ಕೊಟ್ಟರೂ ಒಳಗೆ ಬಿಡುವುದಿಲ್ಲ.

ಹಂಚುವ ಫೋಲ್ಡರಿನ ಗುಂಪನ್ನು ‘ಸಿಎಚ್‌ಜಿಆರ್‌ಪಿ’ಯಿಂದ ಮನೆ ಎಂದು ಬದಲಿಸಿ, ‘ಸಿಎಚ್‌ಮೋಡ್ 2770’ ಕೊಡಿ. ಆ ಮುಂದಿನ 2 ಮರೆಯಬಾರದು. ಒಳಗೆ ಯಾರೇ ಹೊಸ ಫೋಲ್ಡರು ಮಾಡಿದರೂ ಅದು ಮನೆ ಗುಂಪಿಗೇ ಸೇರುವಂತೆ ಮಾಡುವುದು ಅದೇ. ಅದಿಲ್ಲದಿದ್ದರೆ ಅಮ್ಮ ಹಾಕಿದ ಫೈಲನ್ನು ಮಗಳು ತಿದ್ದಲಾಗುವುದಿಲ್ಲ.

ಇನ್ನು ಇಟಿಸಿ ಫೋಲ್ಡರಿನ ಒಳಗಿನ ಸಾಂಬಾ ಫೋಲ್ಡರಿನಲ್ಲಿರುವ ಎಸ್‌ಎಂಬಿ ಡಾಟ್ ಕಾನ್ಫ್ ಫೈಲಿನ ಕೊನೆಗೆ, ಚೌಕ ಆವರಣದಲ್ಲಿ ಮನೆ ಎಂಬ ಶೀರ್ಷಿಕೆ ಹಾಕಿ ಅದರ ಕೆಳಗೆ ಐದು ಸಾಲು: ಪಾತ್ = ಫೋಲ್ಡರಿನ ದಾರಿ; ವ್ಯಾಲಿಡ್ ಯೂಸರ್ಸ್ = @ಮನೆ; ರೀಡ್ ಓನ್ಲಿ = ನೋ; ಕ್ರಿಯೇಟ್ ಮಾಸ್ಕ್ = 0660; ಡೈರೆಕ್ಟರಿ ಮಾಸ್ಕ್ = 2770. ‘ಟೆಸ್ಟ್‌ಪಾರ್ಮ್’ ಓಡಿಸಿದರೆ ಕಾಗುಣಿತದ ತಪ್ಪಿದ್ದರೆ ಹೇಳುತ್ತದೆ. ‘ಸುಡೊ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಎಸ್‌ಎಂಬಿಡಿ’ ಕೊಟ್ಟರೆ ಆಯಿತು. ವಿಂಡೋಸಿನ ಎಕ್ಸ್‌ಪ್ಲೋರರ್ ವಿಳಾಸಪಟ್ಟಿಯಲ್ಲಿ \\192.168.1.10\ಮನೆ ಎಂದು, ಮ್ಯಾಕಿನ ಫೈಂಡರಿನಲ್ಲಿ ಕಮಾಂಡ್-ಕೆ ಒತ್ತಿ ಎಸ್‌ಎಂಬಿ ಎಂದು ಶುರುವಾಗುವ ಅದೇ ವಿಳಾಸ ಕೊಟ್ಟು ತೆರೆಯಿರಿ.

ಇನ್ನೊಂದು ಸೆಟ್ಟಿಂಗನ್ನು ಪ್ರತಿ ಮನೆಗೂ ಒತ್ತಿ ಹೇಳುತ್ತೇವೆ. ನೆಟ್‌ವರ್ಕ್ ಡ್ರೈವಿನಲ್ಲಿ ಅಳಿಸಿದ ಫೈಲು ವಿಂಡೋಸಿನ ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ, ನೇರ ಅಳಿದೇ ಹೋಗುತ್ತದೆ. ಮಕ್ಕಳ ಕೈ ಒಂದು ಬಾರಿ ಜಾರಿದರೆ ಸಾಕು. ಸಾಂಬಾದಲ್ಲಿ ಇದಕ್ಕೆ ರೀಸೈಕಲ್ ಎಂಬ ಮಾಡ್ಯೂಲು ಇದೆ. ‘ವಿಎಫ್‌ಎಸ್ ಆಬ್ಜೆಕ್ಟ್ಸ್’ ಸಾಲಿನಲ್ಲಿ ರೀಸೈಕಲ್ ಎಂದು ಬರೆದು, ‘ರೀಸೈಕಲ್:ಕೀಪ್‌ಟ್ರೀ = ಯೆಸ್’, ‘ರೀಸೈಕಲ್:ವರ್ಷನ್ಸ್ = ಯೆಸ್’ ಎಂದು ಸೇರಿಸಿದರೆ ಅಳಿಸಿದ್ದೆಲ್ಲ ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ಮನೆಯಲ್ಲಿ ಮ್ಯಾಕ್ ಇದ್ದರೆ ಅದೇ ಸಾಲಿನಲ್ಲಿ ಕೇಟಿಯಾ, ಫ್ರೂಟ್, ಸ್ಟ್ರೀಮ್ಸ್-ಎಕ್ಸ್‌ಆ್ಯಟರ್ (ನಡುವೆ ಅಂಡರ್‌ಸ್ಕೋರ್) ಮಾಡ್ಯೂಲುಗಳೂ ಬೇಕು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಮೇಲೆ ಗ್ಲೋಬಲ್ ಭಾಗದಲ್ಲಿ ಫ್ರೂಟ್ ಬರೆದು, ಕೆಳಗೆ ಹಂಚಿಕೆಯ ಭಾಗದಲ್ಲಿ ರೀಸೈಕಲ್ ಮಾತ್ರ ಬರೆದರೆ ಎರಡೂ ಕೂಡಿಕೊಳ್ಳುವುದಿಲ್ಲ; ಕೆಳಗಿನದು ಮೇಲಿನದನ್ನು ಅಳಿಸಿ ತಾನೊಂದೇ ನಿಲ್ಲುತ್ತದೆ. ಎನ್‌ಎಫ್‌ಎಸ್ಸಿನಲ್ಲಿ ಇಂಥ ಬಿನ್ನು ಇಲ್ಲ.

ವಿಂಡೋಸ್ ಕಡೆಯ ತಕರಾರುಗಳು

ಸರ್ವರು ಸರಿಯಿದ್ದೂ ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಅದು ಕಾಣದಿರುವುದು ತೀರಾ ಸಾಮಾನ್ಯ. ಆ ಪಟ್ಟಿ ಹಿಂದೆ ನೆಟ್‌ಬಯೋಸ್ ಎಂಬ ಹಳೆಯ ವಿಧಾನವನ್ನೂ ಎಸ್‌ಎಂಬಿಯ ಮೊದಲ ಆವೃತ್ತಿಯಾದ ಎಸ್‌ಎಂಬಿ 1ನ್ನೂ ನೆಚ್ಚಿಕೊಂಡಿತ್ತು. ಈಗಿನ ವಿಂಡೋಸ್ ಡಬ್ಲ್ಯೂಎಸ್-ಡಿಸ್ಕವರಿ ಎಂಬ ಬೇರೆ ವಿಧಾನದಲ್ಲಿ ಹುಡುಕುತ್ತದೆ, ಸಾಂಬಾಕ್ಕೆ ಅದು ಬರುವುದಿಲ್ಲ. ಸರ್ವರಿನಲ್ಲಿ ಡಬ್ಲ್ಯೂಎಸ್‌ಡಿಡಿ ಎಂಬ ಸಣ್ಣ ತಂತ್ರಾಂಶ ಹಾಕಿ, ಇಲ್ಲವೇ ಪಟ್ಟಿಯನ್ನು ಮರೆತು ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಮೂಲಕ ಝಡ್ ಎಂಬ ಡ್ರೈವ್ ಅಕ್ಷರಕ್ಕೆ ಕಟ್ಟಿಬಿಡಿ. ‘ಎಸ್‌ಎಂಬಿ 1 ಆನ್ ಮಾಡಿದರೆ ಕಾಣುತ್ತದೆ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಹಬ್ಬಿದ್ದು ಎಸ್‌ಎಂಬಿ 1ರ ಬಿರುಕಿನಿಂದಲೇ. ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟಿರುವ ಹಳೆಯ ರೌಟರುಗಳಲ್ಲಿ ಕೆಲವಕ್ಕೆ ಎಸ್‌ಎಂಬಿ 1 ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆ ಪೋರ್ಟನ್ನು ಫೋನು ಚಾರ್ಜು ಮಾಡಲು ಬಳಸಿ.

ವಿಂಡೋಸ್ ಕಂಪ್ಯೂಟರೇ ಸರ್ವರಾಗಿದ್ದರೆ ಪಿನ್ನಿನ ಗೊಂದಲ ಬರುತ್ತದೆ. ದಿನವೂ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವವರು ಹಂಚಿಕೆ ಪಾಸ್‌ವರ್ಡು ಕೇಳಿದಾಗಲೂ ಪಿನ್ ಒತ್ತುತ್ತಾರೆ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ ಮಾಡಿ, ಅದಕ್ಕೆ ಪಾಸ್‌ವರ್ಡು ಕೊಟ್ಟು, ಎಲ್ಲೆಡೆ ಅದನ್ನೇ ಬಳಸಿ. ಅನುಮತಿ ಎರಡು ಕಡೆ ಇರುತ್ತದೆ ಎಂಬುದೂ ನೆನಪಿರಲಿ: ಶೇರಿಂಗ್ ಟ್ಯಾಬಿನಲ್ಲೊಂದು, ಸೆಕ್ಯುರಿಟಿ ಟ್ಯಾಬಿನಲ್ಲೊಂದು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ.

ದೋಷ ಸಂಖ್ಯೆ 1219 ಬಂದರೆ, ಆ ವಿಂಡೋಸು ಅದೇ ಸರ್ವರಿಗೆ ಈಗಾಗಲೇ ಬೇರೆ ಹೆಸರಿನಲ್ಲಿ ಸೇರಿಕೊಂಡಿದೆ ಎಂದರ್ಥ. ಒಂದು ಸರ್ವರಿಗೆ ಒಂದು ಹೊತ್ತಿಗೆ ಒಂದೇ ಹೆಸರು. ‘ನೆಟ್ ಯೂಸ್ * /ಡಿಲೀಟ್’ ಕೊಟ್ಟು ಹಳೆಯ ಕೊಂಡಿ ಕಳಚಿ ಮತ್ತೆ ಸೇರಿ. 0x80070035 ಬಂದರೆ ದಾರಿಯೇ ಸಿಕ್ಕಿಲ್ಲ: ವಿಳಾಸ ಸರಿಯಿದೆಯೇ, ಸರ್ವರಿನ ಫೈರ್‌ವಾಲಿನಲ್ಲಿ 445ನೇ ಪೋರ್ಟು ತೆರೆದಿದೆಯೇ, ವಿಂಡೋಸಿನಲ್ಲಿ ಮನೆಯ ನೆಟ್‌ವರ್ಕು ಪಬ್ಲಿಕ್ ಬದಲು ಪ್ರೈವೇಟ್ ಎಂದಿದೆಯೇ ನೋಡಿ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಹಂಚಿಕೆ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ತಾನಾಗಿ ತೆರೆಯುವುದಿಲ್ಲ. ‘ನಿನ್ನೆವರೆಗೆ ಬರುತ್ತಿತ್ತು, ಅಪ್‌ಡೇಟ್ ಆದಮೇಲೆ ನಿಂತಿತು’ ಎನ್ನುವ ಹಲವರ ಕಥೆ ಇದೇ. ಪಾಸ್‌ವರ್ಡು ಹಾಕುವುದೇ ಸರಿಯಾದ ದಾರಿ.

ಎನ್‌ಎಫ್‌ಎಸ್: ಎಲ್ಲ ಲಿನಕ್ಸ್ ಆದಾಗ

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಮಾಡಿದ ಎನ್‌ಎಫ್‌ಎಸ್ ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲೇ ಇದೆ. ಫೈಲಿನ ಒಡೆತನ, ಓಡಿಸುವ ಅನುಮತಿ, ಸಿಮ್‌ಲಿಂಕು (ಇನ್ನೊಂದು ಫೈಲಿನತ್ತ ಕೈತೋರುವ ಕೊಂಡಿ) ಎಲ್ಲ ಸ್ಥಳೀಯ ಡಿಸ್ಕಿನಲ್ಲಿದ್ದಂತೆ ಉಳಿಯುತ್ತವೆ. ಲಿನಕ್ಸಿನಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಸಾಂಬಾಗಿಂತ ಇದು ಹಿತ. ವಿಂಡೋಸಿನ ಹೋಮ್ ಆವೃತ್ತಿಯಲ್ಲಿ ಇದರ ಕ್ಲೈಂಟ್ ಇಲ್ಲ, ಆ ಆಸೆ ಬಿಡಿ.

ಸರ್ವರಿನಲ್ಲಿ ಎನ್‌ಎಫ್‌ಎಸ್-ಕರ್ನಲ್-ಸರ್ವರ್, ಉಳಿದ ಕಡೆ ಎನ್‌ಎಫ್‌ಎಸ್-ಕಾಮನ್ ಪ್ಯಾಕೇಜು ಹಾಕಿ. ಇಟಿಸಿ ಫೋಲ್ಡರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಒಂದೇ ಸಾಲು: ಫೋಲ್ಡರಿನ ದಾರಿ, ಒಂದು ಖಾಲಿ ಜಾಗ, 192.168.1.0/24, ಅದಕ್ಕೆ ಅಂಟಿಕೊಂಡಂತೆ ಆವರಣದೊಳಗೆ ಆರ್‌ಡಬ್ಲ್ಯೂ, ಸಿಂಕ್, ನೋ-ಸಬ್‌ಟ್ರೀ-ಚೆಕ್. ಈ ಕೊನೆಯದರ ಪದಗಳ ನಡುವೆ ಅಂಡರ್‌ಸ್ಕೋರ್. ‘ಅಂಟಿಕೊಂಡಂತೆ’ ಎಂದದ್ದು ಸುಮ್ಮನೆ ಅಲ್ಲ. ವಿಳಾಸಕ್ಕೂ ಆವರಣಕ್ಕೂ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಅರ್ಥವೇ ತಿರುವುಮುರುವು: ನಿಮ್ಮ ಮನೆಯ ವಿಳಾಸಗಳಿಗೆ ಓದಲು ಮಾತ್ರ ಅನುಮತಿ, ಉಳಿದ ಎಲ್ಲ ವಿಳಾಸಗಳಿಗೆ ಬರೆಯುವ ಅನುಮತಿ. ಎಚ್ಚರಿಕೆಯ ಸಾಲು ಬರಬಹುದು, ಆದರೆ ಹಂಚಿಕೆ ನಿಲ್ಲುವುದಿಲ್ಲ. ಸಾಲು ಬರೆದ ಮೇಲೆ ‘ಸುಡೊ ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’, ಆಮೇಲೆ ‘ಸುಡೊ ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಕೊಟ್ಟು ಯಾರಿಗೆ ಏನು ಹಂಚಿಕೆಯಾಗಿದೆ ಎಂದು ಕಣ್ಣಾರೆ ನೋಡಿ.

ಈಗ ನಂಬಿಕೆಯ ವಿಷಯ. ಉಬುಂಟು ಹಾಕಿದಾಗ ಮೊದಲ ಬಳಕೆದಾರನಿಗೆ ಸಿಗುವ ನಂಬರು 1000. ಅಮ್ಮನ ಲ್ಯಾಪ್‌ಟಾಪಿನಲ್ಲಿ ಅಮ್ಮ 1000, ಮಗನ ಲ್ಯಾಪ್‌ಟಾಪಿನಲ್ಲಿ ಮಗ 1000. ಸರ್ವರಿನ ಕಣ್ಣಿಗೆ ಇಬ್ಬರೂ ಒಬ್ಬರೇ, ಅಮ್ಮನ ಖಾಸಗಿ ಫೋಲ್ಡರನ್ನು ಮಗ ತೆರೆಯಬಹುದು. ಎರಡನೆಯ ಖಾತೆ 1001 ಆಗಿರುವ ಯಂತ್ರದಿಂದ ಬಂದರೆ ತಮ್ಮದೇ ಫೈಲು ತಮಗೇ ತೆರೆಯುವುದಿಲ್ಲ. ದಾರಿ ಎರಡಿವೆ. ಎಲ್ಲ ಯಂತ್ರಗಳಲ್ಲೂ ಒಬ್ಬರಿಗೆ ಒಂದೇ ನಂಬರು ಬರುವಂತೆ ‘ಯೂಸರ್‌ಮಾಡ್ -ಯು’ದಿಂದ ಬದಲಿಸಿ; ಆ ಖಾತೆಯಿಂದ ಹೊರಗೆ ಬಂದಿರುವಾಗ ಮಾಡಬೇಕು, ಹೋಮ್ ಫೋಲ್ಡರಿನ ಹೊರಗಿರುವ ಅವರ ಫೈಲುಗಳ ಒಡೆತನವನ್ನು ‘ಸಿಎಚ್‌ಓನ್’ನಿಂದ ನೀವೇ ಸರಿಪಡಿಸಬೇಕು. ಇಲ್ಲವೇ ಎಲ್ಲರದ್ದೂ ಒಂದೇ ಗೂಡು ಎಂದು ಒಪ್ಪಿಕೊಂಡು ಎಕ್ಸ್‌ಪೋರ್ಟ್ಸ್ ಸಾಲಿಗೆ ಆಲ್-ಸ್ಕ್ವಾಷ್ (ಇಲ್ಲಿಯೂ ನಡುವೆ ಅಂಡರ್‌ಸ್ಕೋರ್), ಅನಾನ್‌ಯುಐಡಿ, ಅನಾನ್‌ಜಿಐಡಿ ಸೇರಿಸಿ, ಯಾರೇ ಬರೆದರೂ ಒಬ್ಬನೇ ಬಳಕೆದಾರನ ಹೆಸರಿಗೆ ಹೋಗುವಂತೆ ಮಾಡಿ. ಫೋಟೊ, ಸಿನಿಮಾ ಹಂಚಲು ಎರಡನೆಯದೇ ನೆಮ್ಮದಿ. ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬೆರಾಸ್ ಎಂಬ ವ್ಯವಸ್ಥೆ ಹಾಕಿದರೆ ಎನ್‌ಎಫ್‌ಎಸ್ ಕೂಡ ಮನುಷ್ಯನನ್ನು ಗುರುತಿಸುತ್ತದೆ, ಆದರೆ ನಾಲ್ಕು ಜನರ ಮನೆಗೆ ಅಷ್ಟು ಕೆಲಸ ತಕ್ಕುದಲ್ಲ. ಆ ಹೊತ್ತಿಗೆ ಸಾಂಬಾ ಹಾಕಿ ಮುಗಿಸಿರುತ್ತೀರಿ.

ಕರೆಂಟು ಹೋದಾಗ

ಎನ್‌ಎಫ್‌ಎಸ್ ಸುಮ್ಮನಿದ್ದರೆ ‘ಹಾರ್ಡ್’ ಮೌಂಟ್. ಸರ್ವರು ಹೋದರೆ ಅದು ಬರುವವರೆಗೂ ಕಾಯುತ್ತದೆ, ಫೈಲು ತೆರೆದ ಪ್ರೋಗ್ರಾಮು ಅಲ್ಲಾಡದೆ ನಿಲ್ಲುತ್ತದೆ, ಫೈಲ್ ಮ್ಯಾನೇಜರೂ ನಿಲ್ಲುತ್ತದೆ. ಲ್ಯಾಪ್‌ಟಾಪೇ ಕೆಟ್ಟಿತೆಂದು ಪವರ್ ಬಟನ್ ಒತ್ತುವವರಿದ್ದಾರೆ. ‘ಸಾಫ್ಟ್’ ಎಂದು ಬದಲಿಸಿದರೆ ಸ್ವಲ್ಪ ಹೊತ್ತಿಗೆ ದೋಷ ಕೊಟ್ಟು ಬಿಟ್ಟುಬಿಡುತ್ತದೆ. ಆದರೆ ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಂತು ಕೆಡಬಹುದು. ಬರೆಯುವ ಹಂಚಿಕೆಗೆ ಹಾರ್ಡ್ ಇರಲಿ, ಬರೀ ಸಿನಿಮಾ ನೋಡುವ ಹಂಚಿಕೆಗೆ ಓದಲು ಮಾತ್ರ ಅನುಮತಿ ಕೊಟ್ಟು ಸಾಫ್ಟ್ ಇಡಬಹುದು.

ಲ್ಯಾಪ್‌ಟಾಪು ಶುರುವಾಗುವಾಗ ಏನೇನು ಮೌಂಟ್ ಆಗಬೇಕೆಂದು ಬರೆದಿಡುವ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನ ಸಾಲಿನಲ್ಲಿ, ಸಾಂಬಾ ಇರಲಿ ಎನ್‌ಎಫ್‌ಎಸ್ ಇರಲಿ, ಮೂರು ಆಯ್ಕೆ ತಪ್ಪದೆ ಇರಲಿ: ನೋಫೇಲ್, ಅಂಡರ್‌ಸ್ಕೋರಿನಿಂದ ಶುರುವಾಗುವ ನೆಟ್‌ಡೆವ್, ಮತ್ತು ಎಕ್ಸ್-ಸಿಸ್ಟಮ್‌ಡಿ ಡಾಟ್ ಆಟೋಮೌಂಟ್. ಮೊದಲನೆಯದಿಲ್ಲದಿದ್ದರೆ ಸರ್ವರು ಆರಿರುವಾಗ ಲ್ಯಾಪ್‌ಟಾಪು ಶುರುವಾಗಲು ತಡಬಡಿಸುತ್ತದೆ. ಮೂರನೆಯದು, ಫೋಲ್ಡರನ್ನು ಯಾರಾದರೂ ಮುಟ್ಟಿದಾಗ ಮಾತ್ರ ಮೌಂಟ್ ಮಾಡುತ್ತದೆ. ಹೊರಗೆ ಒಯ್ಯುವ ಲ್ಯಾಪ್‌ಟಾಪಿಗೆ ಇದು ವರದಾನ.

ಎಕ್ಸ್‌ಪೋರ್ಟ್ಸಿನಲ್ಲಿ ಸಿಂಕ್ ಬದಲು ‘ಎಸಿಂಕ್’ ಹಾಕಿದರೆ ವೇಗ ಏರುತ್ತದೆ ಎಂಬುದು ನಿಜ. ಸರ್ವರು ಡಿಸ್ಕಿಗೆ ಬರೆಯುವ ಮೊದಲೇ ‘ಬರೆದಾಯಿತು’ ಎಂದು ಹೇಳುತ್ತದೆ, ಅದೇ ಅದರ ಗುಟ್ಟು. ಆ ಕ್ಷಣ ಕರೆಂಟು ಹೋದರೆ ಹೇಳಿದ ಮಾತು ಸುಳ್ಳಾಗುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಎಸಿಂಕ್ ಬೇಡವೇ ಬೇಡ. ಸರ್ವರು, ಹಬ್ಬು, ರೌಟರು ಮೂರನ್ನೂ ಯುಪಿಎಸ್ಸಿಗೆ ಹಾಕಿ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿದ್ದರೆ ಅದನ್ನು ಆನ್ ಮಾಡಿ. ಸಾಮಾನ್ಯ ಮೋಡಿನಲ್ಲಿ ಬದಲಾಗುವ ಆ ಕಣ್ಣುಮಿಟುಕಿನಲ್ಲೇ ಕಂಪ್ಯೂಟರು ರೀಸ್ಟಾರ್ಟ್ ಆಗಿಬಿಡುತ್ತದೆ.

ಎಸ್‌ಎಸ್‌ಎಚ್‌ಎಫ್‌ಎಸ್, ವೆಬ್‌ಡ್ಯಾವ್

ಎಸ್‌ಎಸ್‌ಎಚ್ ಇರುವ ಯಾವ ಸರ್ವರಿಗೂ ಬೇರೇನೂ ಹಾಕದೆ ಎಸ್‌ಎಸ್‌ಎಚ್‌ಎಫ್‌ಎಸ್ ಸೇರಿಕೊಳ್ಳುತ್ತದೆ. ದಾರಿಯುದ್ದಕ್ಕೂ ಗೂಢಲಿಪಿ, ಅದು ಇದರ ಬಲ. ಅದೇ ಕಾರಣಕ್ಕೆ ನಿಧಾನ ಕೂಡ. ಪೈ 4ರ ಚಿಪ್ಪಿನಲ್ಲಿ ಎಇಎಸ್ ಗೂಢಲಿಪಿಗೆಂದು ಪ್ರತ್ಯೇಕ ಯಂತ್ರಾಂಶವಿಲ್ಲ, ಗಿಗಾಬಿಟ್ ತಂತಿ ಇದ್ದರೂ ಅದನ್ನು ತುಂಬಲಾಗುವುದಿಲ್ಲ. ‘ರೀಕನೆಕ್ಟ್’ ಮತ್ತು ‘ಸರ್ವರ್‌ಅಲೈವ್‌ಇಂಟರ್‌ವಲ್=15’ ಆಯ್ಕೆ ಕೊಡಿ, ಇಲ್ಲದಿದ್ದರೆ ಲ್ಯಾಪ್‌ಟಾಪು ಮಲಗಿ ಎದ್ದಾಗ ಫೋಲ್ಡರು ಸಿಕ್ಕಿಹಾಕಿಕೊಂಡಿರುತ್ತದೆ.

ವೆಬ್ ಮೂಲಕ ಫೈಲು ಹಂಚುವ ವೆಬ್‌ಡ್ಯಾವನ್ನು ವಿಂಡೋಸಿಗೆ ಡ್ರೈವಿನಂತೆ ಕಟ್ಟಿದರೆ 50,000,000 ಬೈಟಿಗಿಂತ ದೊಡ್ಡ ಫೈಲು ಇಳಿಯದೆ 0x800700ಡಿಎಫ್ ಎಂಬ ದೋಷ ಬರುತ್ತದೆ. ಅದು ವಿಂಡೋಸ್ ಹಾಕಿಕೊಂಡ ಮಿತಿ, ರಿಜಿಸ್ಟ್ರಿಯಲ್ಲಿ 4 ಜಿಬಿವರೆಗೆ ಏರಿಸಬಹುದು. ವಿಡಿಯೊ ಇರುವ ಮನೆಗೆ ಇದು ಒಗ್ಗುವುದಿಲ್ಲ.

ಕನ್ನಡದ ಫೈಲು ಹೆಸರುಗಳು

ಇದನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದು ಅಪರೂಪ, ನಮಗೆ ಚೆನ್ನಾಗಿ ತಾಗುತ್ತದೆ.

ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿನ ಮಿತಿ 255 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಮೂರು. ‘ಲಕ್ಷ್ಮಿ’ ನೋಡಲು ಎರಡೇ ಅಕ್ಷರ. ಒಳಗೆ ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಡಿಸು, ಒಟ್ಟು ಏಳು ಚಿಹ್ನೆ, 21 ಬೈಟು. ಹಾಗಾಗಿ ಇಡೀ ಹೆಸರು 85 ಚಿಹ್ನೆ ದಾಟುವಂತಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಬೈಟು ಎಣಿಸುವುದಿಲ್ಲ, ಅಲ್ಲಿ 255 ಚಿಹ್ನೆ ಹಿಡಿಯುತ್ತದೆ. ಉದ್ದ ಶೀರ್ಷಿಕೆಯ ಕನ್ನಡ ಲೇಖನವನ್ನು ಪಿಡಿಎಫ್ ಆಗಿ ಉಳಿಸಿಕೊಂಡವರು ಸರ್ವರಿಗೆ ನಕಲು ಮಾಡುವಾಗ ಆ ಒಂದು ಫೈಲು ಮಾತ್ರ ಹೋಗದಿದ್ದರೆ ಕಾರಣ ಇದೇ. ಹೆಸರು ಮೊಟಕು ಮಾಡಿ.

ಇದಕ್ಕಿಂತ ತಲೆ ತಿನ್ನುವುದು ಒಂದೇ ಹೆಸರಿನ ಎರಡು ಫೈಲು. ‘ಕೋಲಾರ’ ಎಂಬುದರ ‘ಕೋ’ವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಕ ಮತ್ತು ಓಕಾರದ ಒಂದೇ ಚಿಹ್ನೆ, ಇಲ್ಲವೇ ಕ, ಎಕಾರ, ಊಕಾರ, ದೀರ್ಘದ ಚಿಹ್ನೆ ಎಂದು ಬಿಡಿಸಿದ ನಾಲ್ಕು. ಪರದೆಯ ಮೇಲೆ ಎರಡೂ ಒಂದೇ, ಲಿನಕ್ಸಿಗೆ ಎರಡೂ ಬೇರೆ. ಈ, ಏ, ಐ, ಒ, ಓ ಸ್ವರಚಿಹ್ನೆಗಳಿಗೆಲ್ಲ ಇದು ಅನ್ವಯ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಅಂಥ ಡಿಸ್ಕಿನ ಫೈಲುಗಳನ್ನು ಮ್ಯಾಕಿನಿಂದ ಎನ್‌ಎಫ್‌ಎಸ್ ಮೂಲಕ ಹಾಗೆಯೇ ಸರ್ವರಿಗೆ ಹಾಕಿದರೆ ‘ಕೋಲಾರ’ ಎಂದು ಹುಡುಕಿದಾಗ ಸಿಗುವುದಿಲ್ಲ, ಕಣ್ಣಿಗೆ ಕಾಣುತ್ತಿದ್ದರೂ. ಮ್ಯಾಕಿನ ಎನ್‌ಎಫ್‌ಎಸ್ ಮೌಂಟಿಗೆ ‘ಎನ್‌ಎಫ್‌ಸಿ’ ಎಂಬ ಆಯ್ಕೆ ಕೊಟ್ಟರೆ ಹೆಸರುಗಳು ಕೂಡಿಸಿದ ರೂಪದಲ್ಲಿ ಹೋಗುತ್ತವೆ. ಈಗಾಗಲೇ ಸೇರಿಹೋಗಿದ್ದರೆ ಸರ್ವರಿನಲ್ಲಿ ಕಾನ್ವ್‌ಎಂವಿ ತಂತ್ರಾಂಶ ಹಾಕಿ, ಯುಟಿಎಫ್8ರಿಂದ ಯುಟಿಎಫ್8ಕ್ಕೆ, ಎನ್‌ಎಫ್‌ಸಿ ಆಯ್ಕೆಯೊಂದಿಗೆ ಓಡಿಸಿ. ಮೊದಲ ಸಲ ಅದು ಏನು ಬದಲಿಸುತ್ತೇನೆಂದು ತೋರಿಸುತ್ತದೆ ಅಷ್ಟೆ, ‘ನೋಟೆಸ್ಟ್’ ಸೇರಿಸಿದಾಗ ನಿಜವಾಗಿ ಬದಲಿಸುತ್ತದೆ.

ಅದೂ ಸರಿಪಡಿಸದ ಒಂದು ಇದೆ: ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ. ‘ಸಾಫ್ಟ್‌ವೇರ್’ ಬರೆಯುವಾಗ ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಬಿಡುತ್ತದೆ. ಫೋಲ್ಡರುಗಳಿಗೆ ಹೆಸರಿಡುವಾಗ ಇಂಥ ಪದಗಳನ್ನು ಬಿಟ್ಟು ‘ಫೋಟೊ’, ‘ದಾಖಲೆ’, ‘ಹಾಡು’ ಎಂದು ಇಡುವುದು ಸುಖ.

ಹಂಚಿಕೆಯಲ್ಲಿ ಇಡಬಾರದ್ದು

ಮೇಲ್ ತಂತ್ರಾಂಶದ ಪ್ರೊಫೈಲು, ಫೋಟೊ ಜೋಡಿಸುವ ತಂತ್ರಾಂಶದ ಕ್ಯಾಟಲಾಗು, ಲೆಕ್ಕದ ತಂತ್ರಾಂಶದ ಡೇಟಾಬೇಸು ಇವನ್ನು ಹಂಚಿಕೆಯಲ್ಲಿಟ್ಟು ಓಡಿಸಬೇಡಿ. ಹಲವು ತಂತ್ರಾಂಶಗಳ ಒಳಗಿರುವ ಎಸ್‌ಕ್ಯೂಲೈಟ್, ಬೀಗ ಹಾಕುವ ವಿಷಯದಲ್ಲಿ ಸ್ಥಳೀಯ ಡಿಸ್ಕನ್ನು ನೆಚ್ಚಿಕೊಂಡಿದೆ. ನೆಟ್‌ವರ್ಕಿನ ಮೇಲೆ ಆ ಬೀಗ ತಪ್ಪಿದರೆ ಡೇಟಾಬೇಸೇ ಕೆಡುತ್ತದೆ. ಫೋಟೊಗಳು ಸರ್ವರಿನಲ್ಲಿರಲಿ, ಕ್ಯಾಟಲಾಗು ಲ್ಯಾಪ್‌ಟಾಪಿನಲ್ಲಿರಲಿ.

ಊರಾಚೆ, ಪರದೇಶದಲ್ಲಿ ಇರುವ ಮಕ್ಕಳಿಗೂ ಕಾಣಲಿ ಎಂದು ರೌಟರಿನಲ್ಲಿ 445 ಅಥವಾ 2049ನೇ ಪೋರ್ಟನ್ನು ಹೊರಗೆ ತೆರೆಯಬೇಡಿ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಹಾಕಿ, ಅವರು ಮೊದಲು ಮನೆಯ ನೆಟ್‌ವರ್ಕಿನ ಒಳಗೆ ಬಂದು ಆಮೇಲೆ ಹಂಚಿಕೆ ತೆರೆಯಲಿ. ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಮನೆಗೆ ಹಂಚುವ ಸಂಪರ್ಕಗಳಲ್ಲಿ ಪೋರ್ಟು ತೆರೆದರೂ ಹೊರಗಿನಿಂದ ತಲುಪುವುದಿಲ್ಲ, ಟೇಲ್‌ಸ್ಕೇಲ್ ಅಲ್ಲಿಯೂ ನಡೆಯುತ್ತದೆ.

ಎಲ್ಲ ಮುಗಿದ ಮೇಲೆ, ಮನೆಯವರ ಫೈಲು ಹಾಕುವ ಮೊದಲು, ಒಂದು ಸಂಜೆ ಇದನ್ನು ಮಾಡಿ. ಪ್ರತಿ ಸಾಧನದಿಂದಲೂ ‘ಕೋಲಾರ’ ಎಂಬ ಫೈಲು ಬರೆದು ಉಳಿದವುಗಳಲ್ಲಿ ಹುಡುಕಿ. 4 ಜಿಬಿಯ ವಿಡಿಯೊ ನಕಲು ಮಾಡುತ್ತಾ ಗಡಿಯಾರ ನೋಡಿ. ಮತ್ತೊಮ್ಮೆ ನಕಲು ಮಾಡುವಾಗ ನಡುವೆ ಸರ್ವರಿನ ನೆಟ್‌ವರ್ಕ್ ಕೇಬಲ್ಲು ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ, ಏನಾಗುತ್ತದೆ ನೋಡಿ. ಒಂದೇ ಪತ್ರವನ್ನು ಎರಡು ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸಿನಿಂದ ತೆರೆಯಿರಿ, ಎರಡನೆಯದು ‘ಬೇರೆಯವರು ತೆರೆದಿದ್ದಾರೆ’ ಎಂದು ಎಚ್ಚರಿಸಬೇಕು. ಒಂದು ಫೈಲು ಅಳಿಸಿ ರೀಸೈಕಲ್ ಫೋಲ್ಡರಿನಿಂದ ಮರಳಿ ತನ್ನಿ. ಕೊನೆಗೆ ಇನ್ನೊಂದು ಡಿಸ್ಕು ತಗುಲಿಸಿ ‘ಆರ್‌ಸಿಂಕ್ -ಎವಿ’ಯಿಂದ ಇಡೀ ಮನೆ ಫೋಲ್ಡರಿನ ಪ್ರತಿ ತೆಗೆದು, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ.